ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಬಹುದೇ?

ಪ್ರಶ್ನೆ: ನಮ್ಮ ಮಗನಿಗೆ ಐದು ವರ್ಷ. ಎರಡೂವರೆ ವರ್ಷದವನಿದ್ದಾಗ ಆಟಿಸಂ ಇದೆ ಎಂದು ಗೊತ್ತಾಯಿತು. ಹದಿನೈದಿಪ್ಪತ್ತು ಪದ ಹೇಳುತ್ತಾನೆ, ವಾಕ್ಯ ಇನ್ನೂ ಬಂದಿಲ್ಲ. ಸ್ಪೀಚ್ ಥೆರಪಿ ನಡೆಯುತ್ತಿದೆ. ಅವನ ಸೊಂಟದ ಮೂಳೆಯಿಂದಲೇ ಮಜ್ಜೆ ತೆಗೆದು, ಸ್ಟೆಮ್ ಸೆಲ್ ಬೇರ್ಪಡಿಸಿ, ಬೆನ್ನಿಗೆ ಇಂಜೆಕ್ಷನ್ ಕೊಡುತ್ತೇವೆ ಎಂದು ಒಂದು ಕ್ಲಿನಿಕ್‌ನವರು ಹೇಳುತ್ತಿದ್ದಾರೆ. ಮೂರು ಸುತ್ತು ಬೇಕಂತೆ, ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಸುಧಾರಣೆ ಕಂಡಿದೆಯಂತೆ. ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತವನ್ನೂ ಬ್ಯಾಂಕಿನಲ್ಲಿ ಇಡಿಸಿದ್ದೇವೆ. ಇವೆರಡರಲ್ಲಿ ಯಾವುದು ಒಳ್ಳೆಯದು? ಅವನದೇ ಕೋಶ ಆದ್ದರಿಂದ, ಉಪಯೋಗ ಆಗದಿದ್ದರೂ ತೊಂದರೆಯಂತೂ ಆಗುವುದಿಲ್ಲ ಅಲ್ಲವೇ?

ಉತ್ತರ: ಎರಡೂ ಬೇಡ. ಬೆನ್ನಿಗೆ ಕೊಡುವುದಂತೂ ಖಂಡಿತ ಬೇಡ. ಅವನದೇ ಕೋಶ ಎಂದ ಮಾತ್ರಕ್ಕೆ ಅಪಾಯ ಇಲ್ಲವೆಂದಾಗುವುದಿಲ್ಲ. ಕಾರಣಗಳನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಏಕೆಂದರೆ ಕ್ಲಿನಿಕ್‌ನವರು ಸುಳ್ಳು ಹೇಳುತ್ತಿದ್ದಾರೆ ಎಂದು ಹೇಳಿ ಮುಗಿಸುವಷ್ಟು ಸರಳ ವಿಷಯ ಇದಲ್ಲ. ಅವರು ಹೇಳುವ 'ಹತ್ತರಲ್ಲಿ ಒಂಬತ್ತು' ಲೆಕ್ಕ ನಿಜವೇ ಇರಬಹುದು. ಆ ಲೆಕ್ಕ ನಿಜವಾಗಿದ್ದೂ ಚಿಕಿತ್ಸೆಯಿಂದ ಒಂದಿಷ್ಟೂ ಉಪಯೋಗ ಆಗಿರದೇ ಇರಬಹುದು.

ಸಿರಿಂಜಿನಲ್ಲಿ ಏನಿರುತ್ತದೆ

ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳನ್ನು ಹುಟ್ಟಿಸಬಲ್ಲ ಆಕರ ಕೋಶ) ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳನ್ನು ಕೊಡುತ್ತಾರೆ. ನಿಮ್ಮ ಮಗನಿಗೆ ಹೇಳಿರುವುದು ಮೂಳೆಮಜ್ಜೆಯ ಮಾನೋನ್ಯೂಕ್ಲಿಯರ್ ಕೋಶಗಳು. ಸೊಂಟದ ಮೂಳೆಗೆ ದಪ್ಪ ಸೂಜಿ ಹಾಕಿ ಮಜ್ಜೆ ಹೀರಿ, ವಿಶೇಷ ದ್ರಾವಣದ ಮೇಲೆ ಹಾಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮಧ್ಯದಲ್ಲಿ ಒಂದು ಬಿಳಿ ಪದರ ನಿಲ್ಲುತ್ತದೆ. ಅದನ್ನು ತೊಳೆದು, ಅದೇ ದಿನ ಬೆನ್ನುಮೂಳೆಯ ಕೆಳಭಾಗದಲ್ಲಿ ಮಿದುಳುಬಳ್ಳಿಯ ದ್ರವಕ್ಕೆ ಚುಚ್ಚುತ್ತಾರೆ. ಆ ಬಿಳಿ ಪದರದಲ್ಲಿ ಬಹುಪಾಲು ಇರುವುದು ಲಿಂಫೋಸೈಟ್, ಮಾನೋಸೈಟ್ ಮತ್ತು ಇನ್ನೂ ಬಲಿಯದ ರಕ್ತಕಣಗಳು. ರಕ್ತ ತಯಾರಿಸುವ ಆಕರ ಕೋಶಗಳು ನೂರಕ್ಕೆ ಒಂದರ ಆಸುಪಾಸು. 'ಮೀಸೆಂಕೈಮಲ್' ಎಂದು ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವ, ಮೂಳೆ, ಕೊಬ್ಬುಗಳಾಗಿ ಬೆಳೆಯಬಲ್ಲ ಕೋಶಗಳು ಹತ್ತು ಸಾವಿರದಲ್ಲೋ ಲಕ್ಷದಲ್ಲೋ ಒಂದು. 'ಹತ್ತು ಕೋಟಿ ಸ್ಟೆಮ್ ಸೆಲ್ ಕೊಟ್ಟೆವು' ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದರೆ, ಒಟ್ಟು ಕೋಶಗಳನ್ನೆಲ್ಲ ಎಣಿಸಿ ಆ ಹೆಸರು ಹಾಕಿದ್ದಾರೆ ಎಂದರ್ಥ.

ಹೊಕ್ಕುಳಬಳ್ಳಿಯ ರಕ್ತದ್ದು ಬೇರೆ ಲೆಕ್ಕ. ಅದನ್ನು ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ, ಕರಗಿಸಿ ಕೈಯ ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಡುತ್ತಾರೆ. ಮತ್ತೊಂದು ಬಗೆಯಲ್ಲಿ ಬೇರೆ ಮಗುವಿನ ಹೊಕ್ಕುಳಬಳ್ಳಿಯ ಅಂಗಾಂಶದಿಂದ ಮೀಸೆಂಕೈಮಲ್ ಕೋಶ ತೆಗೆದು ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸುತ್ತಾರೆ. ಒಂದರಲ್ಲಿ ಸಿಕ್ಕ ಫಲಿತಾಂಶವನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ತೋರಿಸುವಂತಿಲ್ಲ. ಹೊಕ್ಕುಳಬಳ್ಳಿ ರಕ್ತದ ಅಧ್ಯಯನ ತೋರಿಸಿ ಮಜ್ಜೆಯ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ನಡೆಯುವ ಕೈಚಳಕ.

ಈ ಕೋಶಗಳು ಮಿದುಳಿಗೆ ಹೋಗಿ ನರಕೋಶಗಳಾಗಿ ಹಾಳಾದ ಜಾಗ ತುಂಬುತ್ತವೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ರಕ್ತನಾಳಕ್ಕೆ ಬಿಟ್ಟ ಮೀಸೆಂಕೈಮಲ್ ಕೋಶ 15–30 ಮೈಕ್ರಾನ್ ದಪ್ಪ. ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು ಹತ್ತು ಮೈಕ್ರಾನಿಗೂ ಕಡಿಮೆ. ಹೆಚ್ಚಿನವು ಅಲ್ಲೇ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಸಾಯುತ್ತವೆ. ಸಂಶೋಧಕರೇ ಈಗ ಜಾಗ ತುಂಬುವ ಮಾತು ಆಡುವುದಿಲ್ಲ. ಕೋಶಗಳು ಬಿಡುವ ರಾಸಾಯನಿಕಗಳು ಮಿದುಳಿನ ಉರಿಯೂತವನ್ನು ತಗ್ಗಿಸಬಹುದು ಎಂಬುದು ಅವರ ಊಹೆ. ಆಟಿಸಂ ಇರುವ ಕೆಲವರ ಮಿದುಳಿನಲ್ಲಿ ಪ್ರತಿರಕ್ಷಣಾ ಚಟುವಟಿಕೆ ಹೆಚ್ಚಿರುವುದು ಕಂಡಿರುವುದರಿಂದ ಈ ಊಹೆಯನ್ನು ಪರೀಕ್ಷಿಸುವುದರಲ್ಲಿ ತಪ್ಪಿಲ್ಲ. ಆದರೆ ಆಟಿಸಂನ ಬೇರು ಬಹುಮಟ್ಟಿಗೆ ಅನುವಂಶೀಯ. ನೂರಾರು ಜೀನ್‌ಗಳು ಅದರಲ್ಲಿ ಪಾತ್ರ ವಹಿಸುತ್ತವೆ. ಮಿದುಳಿನ ಜೋಡಣೆಯಲ್ಲಿನ ವ್ಯತ್ಯಾಸ ಗರ್ಭದಲ್ಲೇ ಶುರುವಾಗಿರುತ್ತದೆ. ಮಗುವಿನ ಸ್ವಂತ ಕೋಶದಲ್ಲೂ ಅದೇ ಜೀನ್‌ಗಳೇ ಇರುತ್ತವೆ ಎಂಬುದನ್ನು ಮರೆಯಬಾರದು.

ಹೋಲಿಕೆ ಇಟ್ಟು ನೋಡಿದಾಗ ಏನಾಯಿತು

ಈ ವಿಷಯದಲ್ಲಿ ಅತಿ ಗಂಭೀರ ಕೆಲಸ ನಡೆದದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ಜೊಆನ್ ಕರ್ಟ್ಸ್‌ಬರ್ಗ್ ಮತ್ತು ಜೆರಾಲ್ಡೀನ್ ಡಾಸನ್ ಅವರ ತಂಡದಿಂದ. 2017ರಲ್ಲಿ ಪ್ರಕಟವಾದ ಮೊದಲ ಹಂತದಲ್ಲಿ ಆರು ವರ್ಷದೊಳಗಿನ 25 ಮಕ್ಕಳಿಗೆ ಅವರದೇ ಹೊಕ್ಕುಳಬಳ್ಳಿಯ ರಕ್ತವನ್ನು ಒಮ್ಮೆ ಕೊಟ್ಟರು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ. ಆರು ತಿಂಗಳಲ್ಲಿ ಹಲವು ಅಳತೆಗಳಲ್ಲಿ ಸುಧಾರಣೆ ಕಂಡಿತು, ಸುದ್ದಿಯೂ ಆಯಿತು. ಕ್ಲಿನಿಕ್‌ಗಳ ಗೋಡೆಯ ಮೇಲೆ ಈಗಲೂ ಇರುವುದು ಈ ಸುದ್ದಿಯೇ.

ಮುಂದೇನಾಯಿತು ಎಂಬುದು ಗೋಡೆಯ ಮೇಲೆ ಇರುವುದಿಲ್ಲ. ಅದೇ ತಂಡ ಎರಡರಿಂದ ಏಳು ವರ್ಷದ 180 ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿತು. 119 ಮಕ್ಕಳಿಗೆ ಹೊಕ್ಕುಳಬಳ್ಳಿಯ ರಕ್ತ (ಕೆಲವರಿಗೆ ಸ್ವಂತದ್ದು, ಕೆಲವರಿಗೆ ದಾನಿಯದು), 61 ಮಕ್ಕಳಿಗೆ ಹುಸಿಮದ್ದು (ನೋಡಲು ಹಾಗೇ ಇದ್ದು ಕೋಶವಿಲ್ಲದ ದ್ರವ). ಯಾರಿಗೆ ಏನು ಹೋಯಿತೆಂದು ಪೋಷಕರಿಗೂ ಗೊತ್ತಿಲ್ಲ, ಅಳತೆ ಮಾಡಿದವರಿಗೂ ಗೊತ್ತಿಲ್ಲ. 2020ರಲ್ಲಿ ಬಂದ ಫಲಿತಾಂಶ: ಆರು ತಿಂಗಳ ನಂತರ ಸಾಮಾಜಿಕ ಕೌಶಲದ ಮುಖ್ಯ ಅಳತೆಯಲ್ಲಿ ಗುಂಪುಗಳ ನಡುವೆ ಅರ್ಥಪೂರ್ಣ ವ್ಯತ್ಯಾಸವಿಲ್ಲ. ಬುದ್ಧಿಮಟ್ಟ 70ಕ್ಕಿಂತ ಮೇಲಿದ್ದ ಮಕ್ಕಳನ್ನು ಮಾತ್ರ ತೆಗೆದು ನೋಡಿದಾಗ ಸಂವಹನದಲ್ಲಿ, ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಅಲೆಗಳಲ್ಲಿ ಸ್ವಲ್ಪ ಒಳ್ಳೆಯ ಸೂಚನೆ ಕಂಡಿತು. ನಿಮಗೆ ಯಾರಾದರೂ ಇದನ್ನೇ ಹಿಡಿದು ವಾದಿಸಬಹುದು. ಮುಖ್ಯ ಪ್ರಶ್ನೆಗೆ 'ಇಲ್ಲ' ಎಂದು ಬಂದ ಮೇಲೆ ಉಪಗುಂಪುಗಳಲ್ಲಿ ಹುಡುಕುತ್ತ ಹೋದರೆ ಯಾವುದಾದರೂ ಒಂದರಲ್ಲಿ 'ಹೌದು' ಸಿಗುವ ಸಂಭವ ಯಾವಾಗಲೂ ಇರುತ್ತದೆ. ಅಂಥ ಸೂಚನೆ ಇನ್ನೊಂದು ಪ್ರಯೋಗಕ್ಕೆ ಕಾರಣ ಆಗಬಲ್ಲದು, ಚಿಕಿತ್ಸೆಗೆ ಆಗಲಾರದು.

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 29 ಮಕ್ಕಳಿಗೆ ಸ್ವಂತ ಹೊಕ್ಕುಳಬಳ್ಳಿಯ ರಕ್ತವನ್ನೂ ಹುಸಿಮದ್ದನ್ನೂ ಸರದಿಯಂತೆ ಕೊಟ್ಟು ನೋಡಿದರು. ಪದಸಂಪತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮಗನಿಗೆ ಬೇಕಾಗಿರುವುದೂ ಮಾತೇ ಆದ್ದರಿಂದ ಈ ಚಿಕ್ಕ ಪ್ರಯೋಗವನ್ನು ಹೇಳಿದೆ.

ಮಜ್ಜೆಯನ್ನು ಬೆನ್ನಿಗೆ ಕೊಡುವ ವಿಧಾನದ ಬಗ್ಗೆ ಪ್ರಕಟವಾಗಿರುವ ವರದಿಗಳಲ್ಲಿ ಹೆಚ್ಚಿನವಕ್ಕೆ ಹೋಲಿಕೆ ಗುಂಪೇ ಇಲ್ಲ. ಎಲ್ಲರಿಗೂ ಕೊಟ್ಟಿದ್ದಾರೆ, ಮೊದಲು ಮತ್ತು ಆಮೇಲೆ ಅಳೆದಿದ್ದಾರೆ, ಅಷ್ಟೇ.

'ಹತ್ತರಲ್ಲಿ ಒಂಬತ್ತು' ಬರುವುದು ಹೇಗೆ

ಐದು ವರ್ಷದ ಮಗು ಆರು ವರ್ಷಕ್ಕೆ ಬರುವಾಗ ಆಟಿಸಂ ಇದ್ದರೂ ಕಲಿಯುತ್ತಲೇ ಇರುತ್ತದೆ. ಸ್ಪೀಚ್ ಥೆರಪಿ ನಡೆಯುತ್ತಿದ್ದರೆ ಇನ್ನೂ ಬೇಗ. ಇಂಥ ಕ್ಲಿನಿಕ್‌ಗಳು ಇಂಜೆಕ್ಷನ್ ಜೊತೆಗೆ ದಿನವೂ ಸ್ಪೀಚ್, ಆಕ್ಯುಪೇಷನಲ್ ಥೆರಪಿ, ಮನೆಯಲ್ಲಿ ಅಭ್ಯಾಸ ಎಲ್ಲವನ್ನೂ ಪ್ಯಾಕೇಜಿನಲ್ಲೇ ಸೇರಿಸಿರುತ್ತವೆ. ವಾರಕ್ಕೆ ಎರಡು ಗಂಟೆ ಇದ್ದ ಥೆರಪಿ ಹತ್ತು ಗಂಟೆಗೆ ಏರಿದರೆ ಮಗುವಿಗೆ ಪದ ಹೆಚ್ಚುವುದು ಸಹಜ. ಹೆಸರು ಮಾತ್ರ ಇಂಜೆಕ್ಷನ್ನಿಗೆ. ಅದೂ ಅಲ್ಲದೆ, ಪೋಷಕರು ಇಂಥ ನಿರ್ಧಾರ ಮಾಡುವುದು ಹಠ, ನಿದ್ದೆಗೇಡು, ಕೂಗಾಟ ತೀರ ಹೆಚ್ಚಿದ ದಿನಗಳಲ್ಲಿ. ಏರಿಳಿತ ಇರುವ ಯಾವುದೇ ತೊಂದರೆ ತುದಿ ಮುಟ್ಟಿದ ಮೇಲೆ ತಾನಾಗಿಯೇ ಸ್ವಲ್ಪ ಇಳಿಯುತ್ತದೆ.

ಇನ್ನು ಅಳತೆಗೋಲು. ಆಟಿಸಂನ ತೀವ್ರತೆ ಅಳೆಯುವ ಕಾರ್ಸ್ ಎಂಬ ಮಾಪಕ 15ರಿಂದ 60ರವರೆಗೆ ಇದೆ, ಅಂಕ ಹೆಚ್ಚಿದಷ್ಟೂ ತೀವ್ರತೆ ಹೆಚ್ಚು. 38 ಇದ್ದದ್ದು 36 ಆದರೂ 'ಸುಧಾರಣೆ' ಎಂದು ಬರೆದುಕೊಳ್ಳಬಹುದು. ಎಷ್ಟು ಅಂಕ ಇಳಿದರೆ ಸುಧಾರಣೆ ಎಂದು ಮೊದಲೇ ಗೊತ್ತುಮಾಡದಿದ್ದರೆ ಹತ್ತರಲ್ಲಿ ಒಂಬತ್ತು ಬರುವುದು ಕಷ್ಟವೇ ಅಲ್ಲ. ಏಟೆಕ್ ಎಂಬ ಪ್ರಶ್ನಾವಳಿಯನ್ನು ಪೋಷಕರೇ ತುಂಬುತ್ತಾರೆ. ಇಷ್ಟೆಲ್ಲ ಮಾಡಿಸಿದ ತಂದೆತಾಯಿಗೆ ಮಗುವಿನ ಪ್ರತಿ ಹೊಸ ನೋಟವೂ, ಹೊಸ ಶಬ್ದವೂ ಕಣ್ಣಿಗೆ ಬೀಳುತ್ತದೆ. ಅದು ಮೋಸ ಅಲ್ಲ. ನೋಡುವ ಕಣ್ಣು ಬದಲಾಗಿರುತ್ತದೆ.

ಇದು ಎಷ್ಟು ಬಲವಾದ ಪರಿಣಾಮ ಎಂಬುದಕ್ಕೆ ಸೆಕ್ರೆಟಿನ್ ಪ್ರಕರಣ ನೋಡಿ. ಜೀರ್ಣಾಂಗದ ಪರೀಕ್ಷೆಗೆಂದು ಈ ಹಾರ್ಮೋನ್ ಕೊಟ್ಟಾಗ ಆಟಿಸಂ ಇದ್ದ ಮೂರು ಮಕ್ಕಳ ಮಾತು, ಕಣ್ಣೋಟ ಸುಧಾರಿಸಿತೆಂದು 1998ರಲ್ಲಿ ವರದಿ ಬಂತು. ಸಾವಿರಾರು ಮಕ್ಕಳಿಗೆ ಅದನ್ನು ಕೊಡಿಸಿದರು. 1999ರಲ್ಲಿ 56 ಮಕ್ಕಳ ಮೇಲೆ ಹುಸಿಮದ್ದಿನ ಜೊತೆ ಹೋಲಿಸಿ ನೋಡಿದರೆ ಎರಡೂ ಗುಂಪು ಒಂದೇ ರೀತಿ ಸುಧಾರಿಸಿದ್ದವು. ಫಲಿತಾಂಶ ಹೇಳಿದ ಮೇಲೂ ಆ ಪೋಷಕರಲ್ಲಿ 69 ಶೇಕಡಾ ಜನ ಸೆಕ್ರೆಟಿನ್‌ನಲ್ಲಿ ಇನ್ನೂ ಆಸಕ್ತಿ ಇದೆ ಎಂದರು! ಆಮೇಲೆ ನಡೆದ ಪ್ರಯೋಗಗಳೆಲ್ಲ ಒಟ್ಟು ಸೇರಿ ಅದನ್ನು ಮೂಲೆಗೆ ಸರಿಸಿದವು. 2009ರಲ್ಲಿ ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆಯನ್ನು ಆಟಿಸಂ ಇದ್ದ 149 ಮಕ್ಕಳಲ್ಲಿ ಪರೀಕ್ಷಿಸಿದಾಗಲೂ ಹೀಗೇ ಆಯಿತು. ಔಷಧದ ಗುಂಪಿನಲ್ಲಿ ಶೇ 33, ಹುಸಿಮದ್ದಿನ ಗುಂಪಿನಲ್ಲಿ ಶೇ 34 ಮಕ್ಕಳು 'ಸುಧಾರಿಸಿದರು'. ಮಾತ್ರೆಗೇ ಇಷ್ಟು ಎಂದಾದರೆ, ಆಪರೇಷನ್ ಥಿಯೇಟರ್, ಅರಿವಳಿಕೆ, ಆಸ್ಪತ್ರೆ ವಾಸ ಎಲ್ಲ ಇರುವ ಚಿಕಿತ್ಸೆಗೆ ನಿರೀಕ್ಷೆಯ ಭಾರ ಇನ್ನೂ ಹೆಚ್ಚು.

ಪೆಟ್ ಸ್ಕ್ಯಾನ್ ಚಿತ್ರಗಳನ್ನು ತೋರಿಸಿರಬಹುದು: ಮೊದಲು ನೀಲಿ, ಆಮೇಲೆ ಹಸಿರು. ಆ ಸ್ಕ್ಯಾನ್ ತೋರಿಸುವುದು ಮಿದುಳು ಆ ಹೊತ್ತಿಗೆ ಎಷ್ಟು ಗ್ಲೂಕೋಸ್ ಬಳಸುತ್ತಿದೆ ಎಂಬುದನ್ನು. ಮಗು ಎಚ್ಚರವಾಗಿತ್ತೇ, ಎಷ್ಟು ನಿದ್ದೆಮದ್ದು ಕೊಟ್ಟಿದ್ದರು, ರಕ್ತದ ಸಕ್ಕರೆ ಎಷ್ಟಿತ್ತು ಎನ್ನುವುದರ ಮೇಲೆ ಅದು ಬದಲಾಗುತ್ತದೆ. ಯಾವ ಅಂಕಿಗೆ ಯಾವ ಬಣ್ಣ ಎಂಬುದನ್ನು ಸಾಫ್ಟ್‌ವೇರ್ ಮುಂದೆ ಕುಳಿತವರು ಗೊತ್ತುಮಾಡುತ್ತಾರೆ. ಆಟಿಸಂ ಸುಧಾರಿಸಿತೇ ಎಂದು ಹೇಳಲು ಮಾನ್ಯವಾದ ಪರೀಕ್ಷೆ ಅದಲ್ಲ. ಜೊತೆಗೆ ಮಗುವಿಗೆ ವಿಕಿರಣ, ಎರಡೆರಡು ಬಾರಿ.

ತೊಂದರೆ ಎಲ್ಲಿಂದ ಬರುತ್ತದೆ

ಪ್ರತಿ ಸುತ್ತಿಗೂ ಅರಿವಳಿಕೆ ಬೇಕು, ಮೂಳೆಗೆ ಸೂಜಿ, ಬೆನ್ನಿಗೆ ಸೂಜಿ. ಬೆನ್ನಿನ ಸೂಜಿಯ ನಂತರ ದ್ರವ ಸೋರಿ ತಲೆನೋವು, ವಾಂತಿ ಬರುವುದುಂಟು. ಮಾತು ಬಾರದ ಮಗು ತಲೆ ನೋಯುತ್ತಿದೆ ಎಂದು ಹೇಳಲಾರದು. ಎದ್ದು ಕೂತಾಗ ಅಳುವುದು, ಮಲಗಿದರೆ ಸುಮ್ಮನಾಗುವುದು ಅದರ ಗುರುತು. ಫಿಟ್ಸ್ ಬಂದದ್ದು ಇಂಥ ಚಿಕಿತ್ಸೆ ಕೊಟ್ಟವರೇ ಪ್ರಕಟಿಸಿದ ವರದಿಯಲ್ಲೂ ಇದೆ. ಆಟಿಸಂ ಇರುವ ಮಕ್ಕಳಿಗೆ ಮೂರ್ಛೆಯ ಸಂಭವ ಮೊದಲೇ ಹೆಚ್ಚು, ಆದ್ದರಿಂದ ಇದನ್ನು ಹಗುರವಾಗಿ ಕಾಣಬೇಡಿ.

ಸೋಂಕಿನ ವಿಷಯದಲ್ಲಿ ಒಂದು ಅಂಶ ಜನಕ್ಕೆ ಗೊತ್ತಿರುವುದಿಲ್ಲ. ಕೋಶಗಳು ಕ್ರಿಮಿಮುಕ್ತವೇ ಎಂದು ಖಚಿತಪಡಿಸುವ ಕಲ್ಚರ್ ಪರೀಕ್ಷೆಗೆ ಸಾಂಪ್ರದಾಯಿಕವಾಗಿ ಹದಿನಾಲ್ಕು ದಿನ ಬೇಕು. ಬೆಳಿಗ್ಗೆ ತೆಗೆದು ಸಂಜೆ ಚುಚ್ಚುವಾಗ ಆ ಫಲಿತಾಂಶ ಬಂದಿರುವುದೇ ಇಲ್ಲ. ಒಳ್ಳೆಯ ಪ್ರಯೋಗಾಲಯ ಇದನ್ನು ಕಟ್ಟುನಿಟ್ಟಾದ ಸ್ವಚ್ಛ ಕೊಠಡಿ, ತ್ವರಿತ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆಗಳಿಂದ ಸರಿದೂಗಿಸುತ್ತದೆ. ಕೆಟ್ಟದ್ದು ಸರಿದೂಗಿಸುವುದಿಲ್ಲ. ಅಮೆರಿಕದಲ್ಲಿ 2018ರಲ್ಲಿ ಹೊಕ್ಕುಳಬಳ್ಳಿ ರಕ್ತದ ಉತ್ಪನ್ನವನ್ನು ಬೇರೆ ಬೇರೆ ಕಾರಣಗಳಿಗೆ ಚುಚ್ಚಿಸಿಕೊಂಡ 12 ಮಂದಿ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದರು. ತೆರೆಯದ ಶೀಶೆಗಳಲ್ಲೂ ಬ್ಯಾಕ್ಟೀರಿಯಾ ಸಿಕ್ಕಿತು.

ದಾನಿಯ ಕೋಶದ್ದು ಇನ್ನೊಂದು ರಗಳೆ. ಡ್ಯೂಕ್‌ನಲ್ಲೇ 12 ಮಕ್ಕಳಿಗೆ ದಾನಿಯ ಮೀಸೆಂಕೈಮಲ್ ಕೋಶವನ್ನು, ಕಿಲೋ ತೂಕಕ್ಕೆ 20 ಲಕ್ಷದಂತೆ, ಒಂದರಿಂದ ಮೂರು ಬಾರಿ ಕೊಟ್ಟಾಗ ಐವರ ರಕ್ತದಲ್ಲಿ ದಾನಿಯ ಅಂಗಾಂಶ ಗುರುತುಗಳಿಗೆ ವಿರುದ್ಧವಾದ ಹೊಸ ಪ್ರತಿಕಾಯಗಳು ಹುಟ್ಟಿಕೊಂಡವು. ಆಗ ತೊಂದರೆ ಏನೂ ಕಾಣಲಿಲ್ಲ. ಆದರೆ ಮುಂದೆ ಆ ಮಗುವಿಗೆ ಅಂಗಾಂಗ ಕಸಿಯೋ ಪ್ಲೇಟ್‌ಲೆಟ್ಟೋ ಬೇಕಾದರೆ ಹೊಂದುವ ದಾನಿ ಸಿಗುವುದು ಕಷ್ಟವಾಗಬಹುದು.

ಗಡ್ಡೆಯ ಮಾತು: ಭ್ರೂಣದ ನರಕೋಶಗಳನ್ನು ಮಿದುಳಿಗೂ ಬೆನ್ನಿನ ದ್ರವಕ್ಕೂ ಹಾಕಿಸಿಕೊಂಡಿದ್ದ ಒಬ್ಬ ಹುಡುಗನಲ್ಲಿ ದಾನಿಯ ಕೋಶದಿಂದಲೇ ಗಡ್ಡೆ ಬೆಳೆದದ್ದು 2009ರಲ್ಲಿ ವರದಿಯಾಯಿತು. ಅವನ ಕಾಯಿಲೆ ಬೇರೆ, ಕೋಶವೂ ಬೇರೆ. ಮಜ್ಜೆಯ ಕೋಶಕ್ಕೆ ಅದೇ ಪ್ರಮಾಣದ ಅಪಾಯವಿಲ್ಲ. ಆದರೆ 'ಏನು ಕೋಶ ಕೊಟ್ಟರೋ' ಎಂದು ಕೇಳಿದಾಗ ಸ್ಪಷ್ಟ ಉತ್ತರ ಸಿಗದ ಕಡೆ ಈ ಸಮಾಧಾನವೂ ಉಳಿಯುವುದಿಲ್ಲ.

ಯಾರಾದರೂ ಈಗಾಗಲೇ ಮಾಡಿಸಿದ್ದರೆ: ಕೊಟ್ಟ ಕೋಶದ ಬಗೆ, ಬ್ಯಾಚ್ ಸಂಖ್ಯೆ, ದಿನಾಂಕ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ನಂತರದ ದಿನಗಳಲ್ಲಿ 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಜ್ವರ, ಕುತ್ತಿಗೆ ಬಿಗಿತ, ನಿಲ್ಲದ ವಾಂತಿ, ಫಿಟ್ಸ್, ಕಾಲಿನ ಬಲ ಕುಗ್ಗುವುದು ಕಂಡರೆ ಕ್ಲಿನಿಕ್‌ಗೆ ಫೋನ್ ಮಾಡಿ ಕಾಯಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಬ್ಯಾಂಕಿನಲ್ಲಿರುವ ರಕ್ತ

ಅದು ಅಲ್ಲೇ ಇರಲಿ. ಒಂದು ಚೀಲವನ್ನು ಸಾಮಾನ್ಯವಾಗಿ ಒಂದೇ ಸಲ ಬಳಸುವುದು. ಆಟಿಸಂಗೆಂದು ಕರಗಿಸಿದರೆ, ಒಡಹುಟ್ಟಿದವರಿಗೆ ಹೊಂದುವಂತಿದ್ದು ಅವರಿಗೆ ರಕ್ತದ ಕಾಯಿಲೆ ಬಂದಾಗ ಕೈಯಲ್ಲಿ ಏನೂ ಇರುವುದಿಲ್ಲ. ರಕ್ತ ಉತ್ಪಾದನೆಯ ಕಾಯಿಲೆಗಳಿಗೆ ಈ ಕೋಶಗಳ ಉಪಯೋಗ ಸಾಬೀತಾಗಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೊಕ್ಕುಳಬಳ್ಳಿ ರಕ್ತದ ಉತ್ಪನ್ನಗಳಿಗೆ ಒಪ್ಪಿಗೆ ಕೊಟ್ಟಿರುವುದು ಅದಕ್ಕೇ. ಮೀಸೆಂಕೈಮಲ್ ಕೋಶದ ಒಂದು ಔಷಧಕ್ಕೆ 2024ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ಒಪ್ಪಿಗೆ ಸಿಕ್ಕಿತು. ಅದು ಮಜ್ಜೆ ಕಸಿಯ ನಂತರ ಮಕ್ಕಳಲ್ಲಿ ಬರುವ ಒಂದು ಗಂಭೀರ ತೊಡಕಿಗೆ. ಆಟಿಸಂಗೆ ಯಾವ ಸ್ಟೆಮ್ ಸೆಲ್ ಉತ್ಪನ್ನಕ್ಕೂ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ. ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೂ, ಒಪ್ಪಿಗೆಯಿರುವ ರಕ್ತದ ಕಾಯಿಲೆಗಳನ್ನು ಬಿಟ್ಟರೆ, ಅನುಮೋದಿತ ಪ್ರಯೋಗದ ಹೊರಗೆ ರೋಗಿಗಳಿಗೆ ಸ್ಟೆಮ್ ಸೆಲ್ ಕೊಡುವುದನ್ನು ಅನೈತಿಕ ಎಂದೇ ಕರೆದಿದೆ.

ಪ್ರಯೋಗವೋ ವ್ಯಾಪಾರವೋ

'ನಮ್ಮದು ನೋಂದಾಯಿತ ಪ್ರಯೋಗ' ಎಂದು ಹೇಳಿದರೆ ಅಷ್ಟಕ್ಕೇ ನಂಬಬೇಡಿ. ಕ್ಲಿನಿಕಲ್ ಟ್ರಯಲ್ಸ್ ಡಾಟ್ ಗವ್‌ನಂಥ ನೋಂದಣಿ ತಾಣದಲ್ಲಿ ಹೆಸರು ಇದ್ದ ಮಾತ್ರಕ್ಕೆ ಸರ್ಕಾರ ಒಪ್ಪಿದೆ ಎಂದರ್ಥವಲ್ಲ. ಹಣ ಪಡೆದು ನಡೆಸುವ ಅಧ್ಯಯನಗಳೂ ಅಲ್ಲಿ ಇವೆ. ಮೊದಲು ಕೇಳಬೇಕಾದದ್ದು: ಹುಸಿಮದ್ದಿನ ಗುಂಪು ಇದೆಯೇ? ಪೋಷಕರಿಂದ ಹಣ ತೆಗೆದುಕೊಳ್ಳುತ್ತೀರಾ? ಹಣ ಕೊಟ್ಟವರ ಮಗುವಿಗೆ ಹುಸಿಮದ್ದು ಕೊಡಲು ಯಾರೂ ಒಪ್ಪುವುದಿಲ್ಲ, ಆದ್ದರಿಂದ ಹಣ ಬಂದಲ್ಲಿ ಹೋಲಿಕೆ ಹೋಗುತ್ತದೆ. ನಂತರ ಬರಹದಲ್ಲಿ ಕೇಳಿ: ಯಾವ ಕೋಶ, ಎಷ್ಟು, ಬೇರ್ಪಡಿಸಿದ ಮೇಲೆ ಜೀವಂತ ಇರುವುದು ಶೇಕಡಾ ಎಷ್ಟು, ಎಷ್ಟು ಮಕ್ಕಳಿಗೆ ಫಿಟ್ಸ್ ಅಥವಾ ಸೋಂಕು ಬಂತು, ಬಂದರೆ ಖರ್ಚು ಯಾರದು, ಪ್ರಯೋಗದ ನೈತಿಕತೆ ನೋಡುವ ಸಮಿತಿಯ ಸಂಪರ್ಕ ಯಾರು. ಪ್ರಾಮಾಣಿಕ ಸಂಶೋಧಕರು ಇದಕ್ಕೆಲ್ಲ ಕಾಗದ ಕೊಡುತ್ತಾರೆ. ಉತ್ತರವಾಗಿ ವಿಡಿಯೊ ಕಳಿಸಿದರೆ ನಿಮಗೆ ತಿಳಿಯಬೇಕಾದದ್ದು ತಿಳಿದಂತೆಯೇ. 'ಏಳು ವರ್ಷದೊಳಗೆ ಮಾಡಿಸದಿದ್ದರೆ ಕಾಲ ಮೀರುತ್ತದೆ' ಎಂದು ಅವಸರ ಮಾಡಿಸುವುದೂ ಅದೇ ಜಾತಿಯದು.

ಈಗ ಅವನಿಗೆ ಏನು ಮಾಡಬಹುದು

ಶ್ರವಣ ಪರೀಕ್ಷೆ ಒಂದು ವರ್ಷದೊಳಗೆ ಆಗಿಲ್ಲದಿದ್ದರೆ ಮಾಡಿಸಿ. ಕಿವಿಯಲ್ಲಿ ನೀರು ತುಂಬಿಕೊಂಡು ಅರ್ಧಂಬರ್ಧ ಕೇಳುತ್ತಿರುವ ಮಕ್ಕಳು ಸಾಕಷ್ಟು ಸಿಗುತ್ತಾರೆ. ನಿದ್ದೆ, ಮಲಬದ್ಧತೆ, ಹಲ್ಲುನೋವು, ಕಬ್ಬಿಣದ ಕೊರತೆ ಇವನ್ನೂ ನೋಡಿಸಬೇಕು. ಹಠ ಎಂದು ಕಾಣುವುದರಲ್ಲಿ ಎಷ್ಟೋ ಪಾಲು ನೋವು. ಕ್ರೋಮೋಸೋಮಲ್ ಮೈಕ್ರೋಅರೇ ಮತ್ತು ಫ್ರ್ಯಾಜೈಲ್ ಎಕ್ಸ್ ಎಂಬ ಅನುವಂಶೀಯ ಪರೀಕ್ಷೆಗಳು ಆಗಿಲ್ಲದಿದ್ದರೆ ಮಕ್ಕಳ ನರತಜ್ಞರನ್ನು ಕೇಳಿ. ಅವನು ಕ್ಷಣಕಾಲ ಶೂನ್ಯವಾಗಿ ನೋಡುತ್ತ ನಿಲ್ಲುವುದು, ಕಲಿತ ಪದ ಕಳೆದುಕೊಳ್ಳುವುದು ಇದ್ದರೆ ಇಇಜಿ ಬೇಕಾಗಬಹುದು.

ಮಾತಿನ ವಿಷಯದಲ್ಲಿ, ಚಿತ್ರ ಮುಟ್ಟಿದರೆ ಮಾತಾಡುವ ಟ್ಯಾಬ್ಲೆಟ್ ಅನ್ನು ಸ್ಪೀಚ್ ಥೆರಪಿಗೆ ಸೇರಿಸುವ ಬಗ್ಗೆ ಥೆರಪಿಸ್ಟ್ ಜೊತೆ ಈ ವಾರವೇ ಮಾತಾಡಿ. ಟ್ಯಾಬ್ಲೆಟ್ ಕೊಟ್ಟರೆ ಬಾಯಿಮಾತು ಬರುವುದಿಲ್ಲ ಎಂಬ ಭಯ ವ್ಯಾಪಕ, ಆಧಾರ ಇಲ್ಲ. ಐದರಿಂದ ಎಂಟು ವರ್ಷದ, ಮಾತು ತೀರ ಕಡಿಮೆ ಇದ್ದ 61 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಟದ ಮೂಲಕ ಕಲಿಸುವ ಥೆರಪಿಗೆ ಮೊದಲಿನಿಂದಲೇ ಇಂಥ ಸಾಧನ ಸೇರಿಸಿದವರು, ಸೇರಿಸದವರಿಗಿಂತ ಹೆಚ್ಚು ಮಾತಾಡತೊಡಗಿದರು. ನಿಮ್ಮ ಮಗನಿಗೂ ಅದೇ ವಯಸ್ಸು, ಅದೇ ಸ್ಥಿತಿ. ಸಾಧನ ಅವನ ಕೈಗೆಟುಕುವಂತೆ ದಿನವಿಡೀ ಇರಬೇಕು, ದೊಡ್ಡವರೂ ಅದನ್ನೇ ಒತ್ತಿ ಮಾತಾಡಿ ತೋರಿಸಬೇಕು. ಥೆರಪಿ ಕೊಠಡಿಯಲ್ಲಿ ಮಾತ್ರ ಕೊಟ್ಟು ಮನೆಯಲ್ಲಿ ಬೀರುವಿನಲ್ಲಿಟ್ಟರೆ ಕೆಲಸ ಮಾಡದು. 'ಏನು ಬೇಕು' ಎಂದು ಕೇಳಿ ಕೂಡಲೇ ಉತ್ತರ ನೀವೇ ಕೊಡುವ ಬದಲು ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ.

ಯಾವ ಹೊಸ ಚಿಕಿತ್ಸೆ ಶುರು ಮಾಡಿದರೂ ಅಳೆಯಲು ಒಂದು ದಾರಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ, ಅದೇ ಆಟಿಕೆ, ಅದೇ ಜಾಗ, ಅದೇ ಹೊತ್ತಿನಲ್ಲಿ ಹತ್ತು ನಿಮಿಷ ವಿಡಿಯೊ ಮಾಡಿ. ಎಷ್ಟು ಬೇರೆ ಬೇರೆ ಪದ ಹೇಳಿದ ಅಥವಾ ಒತ್ತಿದ, ಯಾರೂ ಕೇಳದೆ ತಾನಾಗಿಯೇ ಎಷ್ಟು ಸಲ ಸಂಪರ್ಕಕ್ಕೆ ಬಂದ ಎಂದು ಎಣಿಸಿ. ಸಾಧ್ಯವಾದರೆ ಚಿಕಿತ್ಸೆ ಯಾವಾಗ ಶುರುವಾಯಿತೆಂದು ಗೊತ್ತಿಲ್ಲದ ಒಬ್ಬರಿಂದ, ತಾರೀಕು ಮುಚ್ಚಿ, ವಿಡಿಯೊಗಳನ್ನು ಹಿಂದುಮುಂದು ಮಾಡಿ ಎಣಿಸಿಸಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಮೂರು ತಿಂಗಳು ಬಿಡಿ. ಸಂಖ್ಯೆ ಏರದಿದ್ದರೆ ಆ ಪಟ್ಟಿಯನ್ನು ಥೆರಪಿಸ್ಟ್ ಮುಂದಿಟ್ಟು ಗುರಿ ಬದಲಿಸಲು ಕೇಳಿ.